ಎಳೆದಷ್ಟೂ ಬೆಳ್ಳಗಾಗುವ ಮಿಠಾಯಿ

ಜಾತ್ರೆಯಲ್ಲಿ ಬಿದಿರುಗಳಕ್ಕೆ ಸುತ್ತಿದ ಮಿಠಾಯಿಯನ್ನು ಎಳೆದು, ತಿರುಚಿ, ಮಕ್ಕಳ ಕೈಗೆ ವಾಚು ಕಟ್ಟಿಕೊಡುವವರನ್ನು ನೀವು ನೋಡಿರಬಹುದು. ಇಂಥ ಮಿಠಾಯಿಯನ್ನು ಮನೆಯಲ್ಲೂ ಮಾಡಬಹುದು. ಸಕ್ಕರೆ, ನೀರು, ನಿಂಬೆರಸ, ತುಸು ತುಪ್ಪ ಇದ್ದರಾಯಿತು. ಜೊತೆಗೆ ಹಿರಿಯರೊಬ್ಬರು ಇರಲೇಬೇಕು.

ದಪ್ಪ ತಳದ ಪಾತ್ರೆಯಲ್ಲಿ 200 ಗ್ರಾಂ ಸಕ್ಕರೆ, 80 ಮಿಲಿಲೀಟರ್ ನೀರು, ಅರ್ಧ ಟೀ ಚಮಚ ನಿಂಬೆರಸ ಹಾಕಿ ಕುದಿಸಿ. ನೀರು ಆವಿಯಾದಂತೆ ಪಾಕದ ಕುದಿಬಿಂದು ಏರುತ್ತ ಹೋಗುತ್ತದೆ. ಹಾಗಾಗಿ ಪಾಕದ ಉಷ್ಣತೆ ತಿಳಿದರೆ ಅದರಲ್ಲಿ ನೀರೆಷ್ಟು ಉಳಿದಿದೆಯೆಂದು ತಿಳಿದಂತೆ. ಜ್ವರ ನೋಡುವ ಥರ್ಮಾಮೀಟರನ್ನು ಮಾತ್ರ ಅದ್ದಬೇಡಿ, ಒಡೆದೀತು! ತಣ್ಣೀರಿಗೆ ಒಂದು ಹನಿ ಪಾಕ ಬಿಟ್ಟು ನೋಡುವ ಅಜ್ಜಿಯರ ಪರೀಕ್ಷೆಯೇ ಸಾಕು. ಮೆತ್ತನೆಯ ಉಂಡೆಯಾದರೆ ಸುಮಾರು 115° ಸೆ. ಗಟ್ಟಿ ಎಳೆಯಾಗಿ, ಸ್ವಲ್ಪ ಬಾಗಿ ಮುರಿದರೆ ಸುಮಾರು 135°-140° ಸೆ. ಆಗ ಒಲೆಯಿಂದ ಇಳಿಸಿ, ತುಪ್ಪ ಸವರಿದ ತಟ್ಟೆಗೆ ಸುರಿಯಿರಿ.

ನಿಂಬೆರಸ ರುಚಿಗಲ್ಲ. ಅದರ ಆಮ್ಲವು ಸುಕ್ರೋಸ್‌ನ ಒಂದು ಭಾಗವನ್ನು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಈ ಬೇರೆ ಅಣುಗಳು ನಡುವೆ ಸಿಕ್ಕಿಕೊಂಡಾಗ ಸುಕ್ರೋಸ್ ಅಣುಗಳು ಸಾಲುಗಟ್ಟಿ ಹರಳಾಗುವುದು ಕಷ್ಟ. ಒಮ್ಮೆ ನಿಂಬೆ ಮರೆತು, ಸಾಲದೆಂದು ಸೌಟನ್ನೂ ಆಡಿಸಿದ ನನಗೆ ಸಿಕ್ಕಿದ್ದು ಒಂದು ಬಾಣಲೆ ಪುಡಿಸಕ್ಕರೆ! ಸಕ್ಕರೆ ಕರಗಿದ ಮೇಲೆ ಕಲಕಬಾರದು. ನಿಂಬೆರಸ ಹೆಚ್ಚಾದರೂ ಮಿಠಾಯಿ ಅಂಟಂಟಾಗುತ್ತದೆ.

ಪಾಕವು ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ನೀರಿನ ಸುಟ್ಟಗಾಯಕ್ಕಿಂತ ಆಳವಾಗಿ ಸುಡುತ್ತದೆ. ಕೈಗೆ ಬಿದ್ದರೆ ಕೆರೆದು ತೆಗೆಯಲು ಹೋಗಬೇಡಿ. ಕೂಡಲೇ ನಲ್ಲಿಯ ಹರಿಯುವ ನೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಮಂಜುಗಡ್ಡೆ ಎರಡೂ ಬೇಡ. ಗಾಯ ದೊಡ್ಡದಿದ್ದರೆ ವೈದ್ಯರಿಗೆ ತೋರಿಸಿ.

ಮುಟ್ಟಲು ಸಹಿಸುವಷ್ಟು ಆರಿದ ಮೇಲೆ ಕೈಗೆ ತುಪ್ಪ ಸವರಿಕೊಂಡು ಎಳೆಯಿರಿ, ಮಡಿಸಿ, ಮತ್ತೆ ಎಳೆಯಿರಿ. ಹೊಂಬಣ್ಣದ ಪಾರದರ್ಶಕ ಪಾಕ ನೋಡನೋಡುತ್ತ ರೇಷ್ಮೆಯಂತೆ ಬೆಳ್ಳಗಾಗುತ್ತದೆ. ನೀವು ಸೇರಿಸಿದ್ದು ಗಾಳಿ ಮಾತ್ರ. ಪ್ರತಿ ಮಡಿಕೆಗೂ ಪದರಗಳು ಇಮ್ಮಡಿ. ಹತ್ತು ಸಲಕ್ಕೆ 1024! ಪದರಗಳ ನಡುವೆ ಸಿಕ್ಕಿದ ಗಾಳಿಗುಳ್ಳೆಗಳು ಸಣ್ಣವಾಗುತ್ತ, ಉದ್ದವಾಗುತ್ತ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುತ್ತವೆ. ಹಸಿರು ಸಾಬೂನಿನ ನೊರೆ ಬೆಳ್ಳಗೆ ಕಾಣುವುದೂ ಇದರಿಂದಲೇ. ಗುಳ್ಳೆಗಳಿರುವುದರಿಂದಲೇ ಮಿಠಾಯಿ ಹಲ್ಲಿಗೆ ಹಗುರ.

ಗಟ್ಟಿಯಾಗುವ ಮೊದಲೇ ಕತ್ತರಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ತೆರೆದಿಟ್ಟರೆ ಅದು ಗಾಳಿಯ ತೇವ ಹೀರಿ, ಸಂಜೆಯೊಳಗೆ ತಟ್ಟೆಗೇ ಅಂಟಿ ಕೂತಿರುತ್ತದೆ.