ಎಲುಬಿನ ಗಂಟು: ಎಲ್ಲವೂ ಕ್ಯಾನ್ಸರ್ ಅಲ್ಲ, ಯಾವುದೂ ನಿರ್ಲಕ್ಷ್ಯಕ್ಕೆ ತಕ್ಕದ್ದಲ್ಲ

ಕಮಲಾಪುರದ ಶಾಲಾ ಮೈದಾನದಲ್ಲಿ ಕಬಡ್ಡಿ ಆಡುತ್ತ ಬಿದ್ದ 14 ವರ್ಷದ ಬಾಲಕನೊಬ್ಬನ ಮೊಣಕಾಲು ಬಾತುಕೊಂಡಿದೆ ಎಂದು ಭಾವಿಸೋಣ. ಉಳುಕಿರಬಹುದೆಂದು ಮನೆಯವರು ಎಣ್ಣೆ ತಿಕ್ಕಿಸುತ್ತಾರೆ, ಎಲುಬು ಕಟ್ಟುವವರ ಬಳಿ ಪಟ್ಟು ಹಾಕಿಸುತ್ತಾರೆ. ಮೂರು ವಾರ ಕಳೆದರೂ ಬಾವು ಇಳಿಯುವುದಿಲ್ಲ, ರಾತ್ರಿಯ ನೋವು ಮಾತ್ರ ಹೆಚ್ಚುತ್ತ ಹೋಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ಇಂಥ ಬಾವು ನಿಜವಾಗಿಯೂ ಉಳುಕೇ ಆಗಿರುತ್ತದೆ. ಆದರೆ ಅಪರೂಪಕ್ಕೊಮ್ಮೆ ಅದು ಎಲುಬಿನ ಗಡ್ಡೆಯಾಗಿರಬಹುದು. ಬಿದ್ದ ಪೆಟ್ಟು ಗಡ್ಡೆಗೆ ಕಾರಣವಲ್ಲ. ಮೊದಲೇ ಇದ್ದ ಗಡ್ಡೆಯತ್ತ ಅದು ಗಮನ ಸೆಳೆಯುತ್ತದೆ, ಅಷ್ಟೆ.

ಎಲುಬಿನಲ್ಲಿಯೇ ಹುಟ್ಟುವ ಕ್ಯಾನ್ಸರ್ ಬಹಳ ವಿರಳ. ಒಟ್ಟು ಕ್ಯಾನ್ಸರ್ ಪ್ರಕರಣಗಳಲ್ಲಿ ಅದರ ಪಾಲು ಶೇ. 1ಕ್ಕಿಂತ ಕಡಿಮೆ. ಆದರೆ ಅದರ ಮುಖ್ಯ ಬಗೆಗಳು ಕಾಡುವುದು ಮಕ್ಕಳು ಹಾಗೂ ಹದಿಹರೆಯದವರನ್ನು. ಆದ್ದರಿಂದಲೇ ಸೌಮ್ಯ ಗಡ್ಡೆ ಯಾವುದು, ಮಾರಕ ಗಡ್ಡೆ ಯಾವುದು ಎಂಬ ತಿಳಿವಳಿಕೆ ಪ್ರತಿ ಮನೆಗೂ ಅಗತ್ಯ.

ಸೌಮ್ಯ ಗಡ್ಡೆಗಳು

ಸೌಮ್ಯ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದುದು ಆಸ್ಟಿಯೋಕಾಂಡ್ರೋಮಾ. ಮೊಣಕಾಲಿನ ಆಸುಪಾಸಿನಲ್ಲಿ ಗಟ್ಟಿಯಾದ, ನೋವಿಲ್ಲದ ಗಂಟಾಗಿ ಕಾಣಿಸಿಕೊಳ್ಳುವ ಇದು ಮಗುವಿನೊಂದಿಗೇ ಬೆಳೆದು, ದೇಹದ ಬೆಳವಣಿಗೆ ನಿಂತಾಗ ತಾನೂ ನಿಲ್ಲುತ್ತದೆ. ಒಂಟಿ ಗಂಟು ಕ್ಯಾನ್ಸರ್ ಆಗಿ ಮಾರ್ಪಡುವ ಸಂಭವ ತೀರಾ ಕಡಿಮೆ. ಬೆಳೆದವರಲ್ಲಿ ಇಂಥ ಗಂಟು ಮತ್ತೆ ದೊಡ್ಡದಾಗತೊಡಗಿದರೆ ಮಾತ್ರ ಎಚ್ಚರ ವಹಿಸಬೇಕು. ಕೈಬೆರಳಿನ ಸಣ್ಣ ಎಲುಬುಗಳಲ್ಲಿ ಕಾಣಿಸುವ ಎನ್‌ಕಾಂಡ್ರೋಮಾ ಸಹ ಇದೇ ಗುಂಪಿಗೆ ಸೇರಿದ್ದು. ಅದು ಬಹುಪಾಲು ಬೇರಾವುದೋ ಕಾರಣಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ ಆಕಸ್ಮಿಕವಾಗಿ ಪತ್ತೆಯಾಗುತ್ತದೆ.

ಮಾರಕ ಗಡ್ಡೆಗಳು

ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ 10ರಿಂದ 20 ವರ್ಷದೊಳಗಿನವರಲ್ಲಿ, ಅಂದರೆ ಎಲುಬು ವೇಗವಾಗಿ ಬೆಳೆಯುವ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ತೊಡೆಯೆಲುಬಿನ ಕೆಳತುದಿ, ಮೊಣಕಾಲಿನ ಕೆಳಭಾಗ ಮತ್ತು ಭುಜ ಇದರ ಮುಖ್ಯ ತಾಣಗಳು. ಈವಿಂಗ್ಸ್ ಸಾರ್ಕೋಮಾ ಮಕ್ಕಳು ಹಾಗೂ ಯುವಕರಲ್ಲಿ ಕಂಡುಬರುತ್ತದೆ. ನೋವು, ಬಾವಿನ ಜೊತೆಗೆ ಜ್ವರವೂ ಬರಬಹುದಾದ್ದರಿಂದ ಎಲುಬಿನ ಸೋಂಕೆಂದು ತಪ್ಪು ತಿಳಿಯುವ ಅಪಾಯವಿದೆ. ಕಾಂಡ್ರೋಸಾರ್ಕೋಮಾ ಸಾಮಾನ್ಯವಾಗಿ 40 ದಾಟಿದವರ ಕಾಯಿಲೆ.

ವಯಸ್ಸಾದವರಲ್ಲಿ ಎಲುಬಿನ ಗಡ್ಡೆ ಕಂಡಾಗ ಮೂಲವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಥೈರಾಯ್ಡ್, ಮೂತ್ರಪಿಂಡದ ಕ್ಯಾನ್ಸರ್ ಎಲುಬಿಗೆ ಹರಡುವುದು, ಎಲುಬಿನಲ್ಲೇ ಕ್ಯಾನ್ಸರ್ ಹುಟ್ಟುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಗುರುತಿಸುವುದು ಹೇಗೆ?

* ಬೆಳವಣಿಗೆ: ಸೌಮ್ಯ ಗಡ್ಡೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ಮಾರಕ ಗಡ್ಡೆ ವಾರ, ತಿಂಗಳುಗಳಲ್ಲೇ ದೊಡ್ಡದಾಗುತ್ತದೆ.
* ನೋವು: ಆಡಿದಾಗ ಬಂದು, ವಿಶ್ರಾಂತಿಯಿಂದ ಇಳಿಯುವ ನೋವು ಸಾಮಾನ್ಯವಾಗಿ ಪೆಟ್ಟಿನದು. ಮಲಗಿದಾಗಲೂ ಕಾಡುವ, ನಿದ್ದೆ ಕೆಡಿಸುವ ನೋವು ಅಪಾಯದ ಸೂಚನೆ.
* ಎಕ್ಸ್‌ರೇ: ಸೌಮ್ಯ ಗಡ್ಡೆಯ ಅಂಚು ಗೆರೆ ಎಳೆದಂತೆ ಸ್ಪಷ್ಟ. ಮಾರಕ ಗಡ್ಡೆಯ ಅಂಚು ಮಸುಕು. ಎಲುಬಿನ ಹೊರಕವಚ ಒಡೆದು ಗಡ್ಡೆ ಸುತ್ತಲಿನ ಮಾಂಸಖಂಡಕ್ಕೆ ನುಗ್ಗಿರುತ್ತದೆ. ಆಸ್ಟಿಯೋಸಾರ್ಕೋಮಾದಲ್ಲಿ ಸೂರ್ಯನ ಕಿರಣಗಳಂತಹ ಗೆರೆಗಳು, ಈವಿಂಗ್ಸ್‌ನಲ್ಲಿ ಉಳ್ಳಾಗಡ್ಡಿಯ ಪದರುಗಳಂತಹ ಗೆರೆಗಳು ಗೋಚರಿಸಬಹುದು.
* ಹರಡುವಿಕೆ: ಸೌಮ್ಯ ಗಡ್ಡೆ ಇದ್ದಲ್ಲೇ ಇರುತ್ತದೆ, ಮಾರಕ ಗಡ್ಡೆ ರಕ್ತದ ಮೂಲಕ ಮುಖ್ಯವಾಗಿ ಶ್ವಾಸಕೋಶಕ್ಕೆ ಹರಡುತ್ತದೆ.

ಈ ನಿಯಮಗಳಿಗೆ ಅಪವಾದಗಳೂ ಉಂಟು. ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಪುಟ್ಟ ಸೌಮ್ಯ ಗಡ್ಡೆ ರಾತ್ರಿಯೇ ತೀವ್ರವಾಗಿ ನೋಯುತ್ತದೆ. ಆಸ್ಪಿರಿನ್‌ನಂತಹ ನೋವುನಿವಾರಕಕ್ಕೆ ಆ ನೋವು ಥಟ್ಟನೆ ಶಮನವಾಗುವುದು ಅದರ ಗುರುತು. 20ರಿಂದ 40 ವರ್ಷದವರಲ್ಲಿ ಕಾಣುವ ಜೈಂಟ್ ಸೆಲ್ ಗಡ್ಡೆ ಸೌಮ್ಯವೆಂದು ಹೆಸರು ಪಡೆದರೂ ಎಲುಬನ್ನು ತಿನ್ನುತ್ತದೆ, ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸುತ್ತದೆ, ಅಪರೂಪಕ್ಕೆ ಶ್ವಾಸಕೋಶಕ್ಕೂ ಹೋಗುತ್ತದೆ. ಪಾಶ್ಚಾತ್ಯ ದೇಶಗಳಿಗಿಂತ ಏಷ್ಯಾದಲ್ಲಿ ಇದರ ಪ್ರಮಾಣ ಹೆಚ್ಚು. ಆದ್ದರಿಂದ ಕೈಯಿಂದ ಮುಟ್ಟಿ ನೋಡಿ ತೀರ್ಪು ಕೊಡುವುದು ಯಾರಿಗೂ ಸಾಧ್ಯವಿಲ್ಲ.

ಬಯಾಪ್ಸಿ ಎಲ್ಲಿ?

ಅಂತಿಮ ನಿರ್ಣಯ ನೀಡುವುದು ಬಯಾಪ್ಸಿ. ಎಕ್ಸ್‌ರೇ, ಎಂಆರ್‌ಐ ಮುಗಿದ ನಂತರವೇ ಅದನ್ನು ಮಾಡಬೇಕು. ಮುಂದೆ ಶಸ್ತ್ರಚಿಕಿತ್ಸೆ ನಡೆಸುವ ಕೇಂದ್ರದಲ್ಲೇ ಮಾಡಿಸುವುದು ಸೂಕ್ತ. ಸೂಜಿ ಹಾದುಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ಉಳಿಯಬಹುದಾದ್ದರಿಂದ ಆ ದಾರಿಯನ್ನೂ ಗಡ್ಡೆಯೊಂದಿಗೆ ತೆಗೆಯಬೇಕಾಗುತ್ತದೆ. ತಪ್ಪು ಜಾಗದಲ್ಲಿ ಮಾಡಿದ ಬಯಾಪ್ಸಿ, ಉಳಿಸಬಹುದಾಗಿದ್ದ ಕಾಲನ್ನೇ ಕಳೆಯಬಹುದು. ಇನ್ನು, ತಿಕ್ಕುವುದು, ಎಳೆದು ಕಟ್ಟುವುದರಿಂದ ದುರ್ಬಲಗೊಂಡ ಎಲುಬು ಮುರಿಯುವ ಭೀತಿಯಿದೆ. ಎಲ್ಲಕ್ಕಿಂತ ಮಿಗಿಲಾಗಿ, ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಸಮಯವೇ ಔಷಧ

1970ರ ದಶಕದವರೆಗೆ ಆಸ್ಟಿಯೋಸಾರ್ಕೋಮಾಕ್ಕೆ ಕಾಲು ಕತ್ತರಿಸುವುದೊಂದೇ ಮಾರ್ಗವಾಗಿತ್ತು. ಆಗಲೂ ಐವರಲ್ಲಿ ನಾಲ್ವರು ಬದುಕುತ್ತಿರಲಿಲ್ಲ. ಕೆನಡಾದ ಟೆರಿ ಫಾಕ್ಸ್ 18ನೇ ವಯಸ್ಸಿನಲ್ಲಿ, 1977ರಲ್ಲಿ, ಇದೇ ಕಾಯಿಲೆಯಿಂದ ಬಲಗಾಲು ಕಳೆದುಕೊಂಡರು. 1980ರಲ್ಲಿ ಕೃತಕ ಕಾಲಿನೊಂದಿಗೆ ಓಡಿ ಕ್ಯಾನ್ಸರ್ ಸಂಶೋಧನೆಗೆ ನಿಧಿ ಕೂಡಿಸಿದರು, ಮರುವರ್ಷ ತೀರಿಕೊಂಡರು. ಕಿಮೊಥೆರಪಿ ಬಳಕೆಗೆ ಬಂದ ಮೇಲೆ ಚಿತ್ರ ಬದಲಾಯಿತು. ಕಾಯಿಲೆ ಹರಡುವ ಮುನ್ನ ಪತ್ತೆಯಾದರೆ ಇಂದು ನೂರರಲ್ಲಿ ಸುಮಾರು 60ರಿಂದ 70 ಮಂದಿ ಗುಣಮುಖರಾಗುತ್ತಾರೆ. ಹೆಚ್ಚಿನವರಲ್ಲಿ ರೋಗಪೀಡಿತ ಎಲುಬನ್ನಷ್ಟೇ ತೆಗೆದು, ಲೋಹದ ಕೀಲು ಅಳವಡಿಸಿ ಕಾಲನ್ನು ಉಳಿಸಲು ಸಾಧ್ಯವಿದೆ.

ಕಮಲಾಪುರದಿಂದ ಕಲಬುರಗಿ ನಗರಕ್ಕೆ ಇರುವುದು ಸುಮಾರು 35 ಕಿ.ಮೀ. ನಗರದಲ್ಲಿ ಸರ್ಕಾರಿ ಗುಲಬರ್ಗಾ ವೈದ್ಯಕೀಯ ವಿಜ್ಞಾನ ಸಂಸ್ಥೆ (ಜಿಮ್ಸ್) ಇದೆ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಶಾಖಾ ಕೇಂದ್ರವೂ ಇದೆ. ಖರ್ಚಿನ ಭಯದಿಂದ ಹಿಂಜರಿಯುವವರು ಒಂದು ಸಂಗತಿ ನೆನೆಯಬಹುದು. ಕ್ಯಾನ್ಸರ್ ಸೇರಿದಂತೆ ಗಂಭೀರ ಕಾಯಿಲೆಗಳಿಗೆ ಬಡವರಿಗೆ ಉಚಿತ ಚಿಕಿತ್ಸೆ ನೀಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ರಾಜ್ಯದಲ್ಲಿ ಮೊದಲು ಆರಂಭವಾದುದೇ ಅಂದಿನ ಗುಲಬರ್ಗಾ ವಿಭಾಗದಲ್ಲಿ. 2018ರಿಂದ ಅದರ ಸ್ಥಾನದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದ್ದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸಾ ವೆಚ್ಚ ಭರಿಸುತ್ತದೆ.

ಎರಡು–ಮೂರು ವಾರಗಳಲ್ಲಿ ಇಳಿಯದ ಬಾವು, ರಾತ್ರಿ ಎಬ್ಬಿಸುವ ನೋವು, ದಿನೇ ದಿನೇ ದೊಡ್ಡದಾಗುವ ಗಂಟು, ಸಣ್ಣ ಪೆಟ್ಟಿಗೇ ಮುರಿದ ಎಲುಬು: ಈ ನಾಲ್ಕರಲ್ಲಿ ಒಂದು ಕಂಡರೂ ಎಣ್ಣೆ ಹಚ್ಚುವ ಮುನ್ನ ಒಂದು ಎಕ್ಸ್‌ರೇ ತೆಗೆಸುವುದು ಒಳಿತು. ಬಹುತೇಕರಿಗೆ ಅದರಿಂದ ಸಿಗುವುದು ನೆಮ್ಮದಿ. ಕೆಲವರಿಗೆ ಮಾತ್ರ ಅದು ಜೀವ ಉಳಿಸುವ ಎಚ್ಚರಿಕೆ.