ಆಲ್ಬಂಗೆ ನಲವತ್ತು ನಿಮಿಷ ಸಾಕು

ಸಂಗೀತದ ಆಲ್ಬಂ ಎಷ್ಟು ಉದ್ದವಿರಬೇಕೆಂದು ಮೊದಲು ತೀರ್ಮಾನಿಸಿದವರು ಸಂಗೀತಗಾರರಲ್ಲ, ತಂತ್ರಜ್ಞರು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಅರಗಿನ ತಟ್ಟೆಯ ಒಂದು ಬದಿಯಲ್ಲಿ ಮೂರು-ನಾಲ್ಕು ನಿಮಿಷದ ಹಾಡು ಹಿಡಿಸಿದರೆ ಹೆಚ್ಚು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದ ಮೇಲೆ ಆ ಅವಧಿ ಬದಿಗೆ ಇಪ್ಪತ್ತು ನಿಮಿಷ ದಾಟಿತು. ಅದಕ್ಕಿಂತ ಹೆಚ್ಚು ತುಂಬಲು ಹೋದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಗೀರು ಇಕ್ಕಟ್ಟಾದಷ್ಟೂ ದನಿ ಕುಗ್ಗುತ್ತದೆ, ಮಂದ್ರದ ನಾದ ಸೊರಗುತ್ತದೆ. ಹೀಗೆ ಎರಡು ಬದಿ ಸೇರಿ ಸುಮಾರು ನಲವತ್ತು ನಿಮಿಷವೆಂಬುದು ರೂಢಿಯಾಯಿತು. ಈ ಇಕ್ಕಟ್ಟೇ ಆಲ್ಬಂ ಅನ್ನು ಕಲೆಯಾಗಿಸಿತು ಎಂದು ನಾನು ನಂಬುತ್ತೇನೆ. ಜಾಗ ಸಾಲದಿದ್ದಾಗ ಯಾವ ಹಾಡು ಇರಲಿ, ಯಾವುದು ಬೇಡ ಎಂದು ಯಾರಾದರೂ ನಿಷ್ಠುರವಾಗಿ ಹೇಳಲೇಬೇಕು. 1966ರ ಬೀಟಲ್ಸ್ ಆಲ್ಬಂ ‘ರಿವಾಲ್ವರ್’ನಲ್ಲಿ 14 ಹಾಡುಗಳಿವೆ, ಒಟ್ಟು ಅವಧಿ ಸುಮಾರು 35 ನಿಮಿಷ. ಅದೇ ದಿನಗಳಲ್ಲಿ ಮುದ್ರಿಸಿಕೊಂಡ ‘ಪೇಪರ್‌ಬ್ಯಾಕ್ ರೈಟರ್’, ‘ರೇನ್’ ಅದರಲ್ಲಿಲ್ಲ. ಬೇರೊಂದು ತಟ್ಟೆಯಾಗಿ ಹೊರಬಂದವು. ಅಂಥ ಹಾಡುಗಳನ್ನೇ ಆಚೆಗಿಡಬಲ್ಲವರ ಆಲ್ಬಂನಲ್ಲಿ ಉಳಿದದ್ದೆಲ್ಲ ಗಟ್ಟಿಯಾಗಿರುವುದು ಸಹಜವೇ. ನಿಕ್ ಡ್ರೇಕ್ 1972ರಲ್ಲಿ ತಂದ ‘ಪಿಂಕ್ ಮೂನ್’ ಅರ್ಧ ಗಂಟೆಯೂ ಇಲ್ಲ. ಬಹುತೇಕ ಒಂದು ಗಿಟಾರು, ಒಂದು ಕಂಠ. ಇನ್ನೊಂದು ಹಾಡು ಸೇರಿದ್ದರೂ ಅದರ ಏಕಾಂತ ಕದಡುತ್ತಿತ್ತು.

ಬೀಟಲ್ಸ್ ತಂಡದವರದೇ 1968ರ ‘ವೈಟ್ ಆಲ್ಬಂ’ ತೋರಿಸಿ ಇದನ್ನು ಅಲ್ಲಗಳೆಯುವವರಿದ್ದಾರೆ. 30 ಹಾಡು, ಒಂದೂವರೆ ಗಂಟೆ. ಆ ವೈವಿಧ್ಯವೇ ಅದರ ಸೊಗಸು ಎನ್ನುತ್ತಾರೆ. ಸೊಗಸು ಇದೆ, ನಿಜ. ಆದರೆ ಅದನ್ನು ಒಂದೇ ತಟ್ಟೆಗೆ ಇಳಿಸಿದ್ದರೆ ಚೆನ್ನಿತ್ತೆಂಬುದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಅಭಿಪ್ರಾಯವಾಗಿತ್ತು, ಮತ್ತು ಆ ಹಾಡುಗಳನ್ನು ಅವರಷ್ಟು ಹತ್ತಿರದಿಂದ ಕೇಳಿದವರು ವಿರಳ. ನಮ್ಮ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ತೂಕದ್ದು: ರಾಗ ಅರಳಲು ಹೊತ್ತು ಬೇಡವೆ? ಬೇಕು. ಹಿಂದುಸ್ತಾನಿ ಗಾಯಕ ಅಮೀರ್ ಖಾನರ ಪ್ರಸಿದ್ಧ ಎಲ್‌ಪಿಯಲ್ಲಿ ಒಂದು ಬದಿಗೆ ಮಾರ್ವಾ, ಇನ್ನೊಂದು ಬದಿಗೆ ದರ್ಬಾರಿ. ವಿಲಂಬಿತದ ಗಾಂಭೀರ್ಯ ಮೂರು ನಿಮಿಷದ ತಟ್ಟೆಗೆ ದಕ್ಕುವಂಥದಲ್ಲ. ಆದರೆ ಒಂದೇ ರಾಗ ಬೆಳೆಯುತ್ತ ಹೋಗುವುದು ಬೇರೆ, ಒಂದರ ಹಿಂದೆ ಒಂದರಂತೆ ಬಿಡಿ ಹಾಡುಗಳನ್ನು ಪೇರಿಸುವುದು ಬೇರೆ. ಅದೂ ಅಲ್ಲದೆ, ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ಮೂರು-ಮೂರು ನಿಮಿಷದ ತಟ್ಟೆಗಳಲ್ಲಿ ಬಿಟ್ಟುಹೋದ ಸಂಗೀತವನ್ನು ಧಾರವಾಡ ಸೀಮೆಯ ರಸಿಕರು ಇವತ್ತಿಗೂ ಕೇಳುತ್ತಾರೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ 74 ನಿಮಿಷ ಹಿಡಿಸತೊಡಗಿತು. ಜಾಗವಿದೆ ಎಂಬ ಕಾರಣಕ್ಕೇ ಹಾಡು ಸೇರಿಸುವ ಚಾಳಿ ಅಲ್ಲಿಂದ ಬೆಳೆಯಿತು. ಸ್ಟ್ರೀಮಿಂಗ್ ಬಂದ ಮೇಲಂತೂ ಕಡಿವಾಣವೇ ಇಲ್ಲ. ಬಿಲ್‌ಬೋರ್ಡ್ ಪತ್ರಿಕೆ 2014ರಲ್ಲಿ, ಹಾಡುಗಳು 1500 ಸಲ ಕೇಳಲ್ಪಟ್ಟರೆ ಒಂದು ಆಲ್ಬಂ ಮಾರಾಟವಾದಂತೆ ಎಂದು ಲೆಕ್ಕ ಕಟ್ಟಿತು. ಹಾಡು ಹೆಚ್ಚಿದ್ದಷ್ಟೂ ಲೆಕ್ಕ ಏರುವ ವ್ಯವಸ್ಥೆ ಅದು. 2018ರಲ್ಲಿ ರ‍್ಯಾಪ್ ಗಾಯಕ ಡ್ರೇಕ್‌ನ ‘ಸ್ಕಾರ್ಪಿಯನ್’ 25 ಹಾಡು ಹೊತ್ತು ಬಂತು. ಅದಕ್ಕೆ ತಿಂಗಳ ಮುಂಚೆ ಬಂದ ಪುಷಾ ಟಿಯ ‘ಡೇಟೋನಾ’ದಲ್ಲಿ ಏಳೇ ಹಾಡು, 21 ನಿಮಿಷ. ಮೊದಲನೆಯದರಲ್ಲಿ ಒಳ್ಳೆಯ ಹಾಡುಗಳನ್ನು ಹುಡುಕಬೇಕು, ಎರಡನೆಯದರಲ್ಲಿ ದಾಟಿಸಬೇಕಾದ ಹಾಡೇ ಇಲ್ಲ. ಕೊಟ್ಟ ದುಡ್ಡಿಗೆ ಹೆಚ್ಚು ಹಾಡು ಸಿಗಲಿ ಎಂಬ ಕೇಳುಗರ ಹಳೆಯ ವಾದಕ್ಕೂ ಈಗ ಬಲವಿಲ್ಲ. ಲಕ್ಷಾಂತರ ಹಾಡು ಕೈಯಲ್ಲೇ ಇರುವಾಗ ಕೊರತೆ ಇರುವುದು ಹಾಡಿಗಲ್ಲ, ಕೇಳುವ ಹೊತ್ತಿಗೆ. ಭಾವಗೀತೆಯಾಗಲಿ, ರಾಕ್ ಆಗಲಿ, ಹೊಸ ಆಲ್ಬಂ ಮಾಡಹೊರಟ ಕನ್ನಡದ ಗೆಳೆಯರು ಹದಿನೈದು ಹಾಡು ಮುದ್ರಿಸಿಕೊಳ್ಳಲಿ, ಎಂಟನ್ನಷ್ಟೇ ಹೊರತರಲಿ.