ಕುಣಿತದ ಅಂಗಳಕ್ಕೆ ಬಂದ ಸ್ಯಾಕ್ಸೊಫೋನ್

ದಕ್ಷಿಣ ಕನ್ನಡದಲ್ಲಿ ಈಗ ಮದುವೆಯ ಧಾರೆಗೂ ದೇವಸ್ಥಾನದ ಉತ್ಸವಕ್ಕೂ ದೈವದ ನೇಮಕ್ಕೂ ಸ್ಯಾಕ್ಸೊಫೋನ್ ಬೇಕು. ದರ್ಶನ ಬಲಿಯಲ್ಲಿ ದೇವರನ್ನು ತಲೆಯ ಮೇಲೆ ಹೊತ್ತ ಅರ್ಚಕರು ವಾದ್ಯ ಸುತ್ತಿಗೆ ಹೆಜ್ಜೆ ಹಾಕುವಾಗ, ನಡುರಾತ್ರಿ ಕಾಲಿಗೆ ಗಗ್ಗರ ಕಟ್ಟಿದ ದೈವ ಅಂಗಳಕ್ಕಿಳಿದಾಗ, ಡೋಲು ತಾಸೆಗಳ ಮೇಲಿಂದ ತೇಲಿ ಬರುವ ನಾದ ಎಷ್ಟೋ ಕಡೆ ಅದರದ್ದೇ. ಹಿಂದಿನ ತಲೆಮಾರು ಆ ಜಾಗದಲ್ಲಿ ಕೇಳುತ್ತಿದ್ದದ್ದು ನಾಗಸ್ವರವನ್ನು.

ಬೆಲ್ಜಿಯಂನ ಅಡೋಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ ಇದು. ಮೈ ಹಿತ್ತಾಳೆ, ಬಾಯಿಗೆ ತಾಗುವುದು ಬೆತ್ತದಂಥ ಜೊಂಡಿನ ಒಂದು ಸೀಳು. ಮೊದಲು ಸೇನೆಯ ಬ್ಯಾಂಡುಗಳಲ್ಲಿ ನಿಂತಿತು, ಆಮೇಲೆ ಅಮೆರಿಕದ ನೃತ್ಯಶಾಲೆಗಳಿಗೆ, ಜಾಝ್‌ಗೆ ಹೋಯಿತು. ನಮ್ಮಲ್ಲಿಗೂ ಬ್ಯಾಂಡಿನ ಜೊತೆಗೇ ಬಂತು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ, ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ ಗೋಪಾಲನಾಥ್ ಅದನ್ನು ಕಂಡು ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ, ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ. ಹೆಸರಿನ ಮುಂದೆ ಮಂಗಳೂರಿನ ಕದ್ರಿ ಸೇರಿತು.

ವಾದ್ಯವನ್ನು ಒಲಿಸಿಕೊಳ್ಳಲು ಅವರಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಯಾಕಿಷ್ಟು ಎಂಬುದು ನಾಗಸ್ವರವನ್ನು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ನಾಗಸ್ವರದ ರಂಧ್ರಗಳ ಮೇಲೆ ಬೆರಳೇ ಕೂರುತ್ತದೆ. ಅರೆ ತೆರೆದು, ಸವರಿ, ಜಾರಿಸಿ ಗಮಕ ಹೊರಡಿಸಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ, ಮುಚ್ಚಳ. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಎರಡರ ನಡುವಿನ ಓಲಾಟವನ್ನು ತುಟಿಯ ಬಿಗಿತದಿಂದ, ಉಸಿರಿನಿಂದ ಸಾಧಿಸಬೇಕು. ಆ ನಡುವಿನ ಜಾಗವಿಲ್ಲದೆ ತೋಡಿಯೂ ಇಲ್ಲ, ಭೈರವಿಯೂ ಇಲ್ಲ.

ಇನ್ನೂರು ವರ್ಷಗಳ ಹಿಂದೆ ಪಿಟೀಲು ಕೂಡ ಹೀಗೆಯೇ ಒಳಗೆ ಬಂದಿತ್ತು. ಬಾಲುಸ್ವಾಮಿ ದೀಕ್ಷಿತರು ಯುರೋಪಿನ ವಾದಕರೊಬ್ಬರಿಂದ ಅದನ್ನು ಕಲಿತರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಕಂಪನಿ ಬ್ಯಾಂಡುಗಳಲ್ಲಿ ಕೇಳಿದ ಐರಿಷ್, ಸ್ಕಾಟಿಷ್ ಕುಣಿತದ ಮಟ್ಟುಗಳಿಗೂ ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ರಚಿಸಿದರು. ಅದೇ ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಪಿಟೀಲು ಮಟ್ಟುಗಳು ವಲಸಿಗರ ಜೊತೆ ಅಟ್ಲಾಂಟಿಕ್ ದಾಟಿ, ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಕಾಂಟ್ರಾ ಎಂಬ ಕುಣಿತಕ್ಕೆ ಆಧಾರವಾದವು. ಎದುರುಬದುರು ಎರಡು ಸಾಲಾಗಿ ನಿಂತು ಊರಿನವರೆಲ್ಲ ಕುಣಿಯುವ ಆ ನೃತ್ಯ ಇಂದಿಗೂ ಜೀವಂತ. ನಮ್ಮ ಕರಾವಳಿಯಲ್ಲೂ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗಳಿಗೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದರು. ಸಂಪ್ರದಾಯ ಕೆಟ್ಟಿತೆಂದು ಆಕ್ಷೇಪಿಸಿದವರಿದ್ದರು. ಆದರೆ ವಾದ್ಯ ಎಲ್ಲಿ ಹುಟ್ಟಿತು ಎಂಬುದಕ್ಕಿಂತ ಅದು ಯಾರ ಹೆಜ್ಜೆಗೆ ಕಿವಿಗೊಡುತ್ತದೆ ಎಂಬುದೇ ಮುಖ್ಯ ಎಂದು ನಾನು ನಂಬುತ್ತೇನೆ.

ಗೋಪಾಲನಾಥರ ನಾದವನ್ನು ದೂರಕ್ಕೆ ಒಯ್ದದ್ದು ಕಛೇರಿಗಳಷ್ಟೇ ಅಲ್ಲ, ಧ್ವನಿಮುದ್ರಣಗಳೂ ಹೌದು. 1980ರ ಬೊಂಬಾಯಿ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. ಅದೇ ವರ್ಷ ಬಾಲಚಂದರ್ ನಿರ್ದೇಶನದ, ಎ.ಆರ್. ರೆಹಮಾನ್ ಸಂಗೀತದ ‘ಡ್ಯುಯೆಟ್’ ಚಿತ್ರದ ಮೂಲಕ ಅವರ ವಾದನ ಕರ್ನಾಟಕ ಸಂಗೀತ ಕೇಳದವರ ಮನೆಗೂ ಹೋಯಿತು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಒಂದು ಆಲ್ಬಮ್ಮಿನ ಕತೆ. ಕರ್ನಾಟಕ ಮೂಲದ ಕುಟುಂಬದ ರುದ್ರೇಶ್ ಮಹಾಂತಪ್ಪ ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ, ಕಲಿಯುತ್ತಿದ್ದದ್ದು ಜಾಝ್. ಅವರ ಅಣ್ಣ ತಮಾಷೆಗೆಂದು ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಆಲ್ಬಮ್ ಕೊಟ್ಟರು. ಅದು ಗೋಪಾಲನಾಥರದ್ದು. ಕೇಳಿದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ತನ್ನ ಕೈಯಲ್ಲಿರುವ ವಾದ್ಯ ತನ್ನ ಹಿರಿಯರ ನೆಲದ ಸಂಗೀತವನ್ನು ಹೀಗೆ ಹಾಡಬಲ್ಲದು ಎಂದು ಆ ಹುಡುಗನಿಗೆ ಗೊತ್ತಾಯಿತು. ಮುಂದೆ ಇಬ್ಬರೂ ಕೂಡಿ ನುಡಿಸಿದರು. 2008ರಲ್ಲಿ ಅವರ ಆಲ್ಬಮ್ ‘ಕಿನ್ಸ್‌ಮೆನ್’ ಹೊರಬಂತು. ಅದರಲ್ಲಿ ಪಿಟೀಲು, ಗೋಪಾಲನಾಥರಿಗೆ ವರ್ಷಗಟ್ಟಲೆ ಸಾಥ್ ಕೊಟ್ಟ ಎ. ಕನ್ಯಾಕುಮಾರಿ ಅವರದ್ದು, ಮೃದಂಗ ಪೂವಲೂರ್ ಶ್ರೀಜಿ. 2019ರ ಅಕ್ಟೋಬರ್ 11ರಂದು ಗೋಪಾಲನಾಥ್ ಮಂಗಳೂರಿನಲ್ಲಿ ತೀರಿಕೊಂಡಾಗ ಸಮುದ್ರದಾಚೆಯ ಜಾಝ್ ಕೇಳುಗರೂ ಕದ್ರಿ ಎಂಬ ಹೆಸರನ್ನು ಬಲ್ಲವರಾಗಿದ್ದರು.

ಆದರೆ ಗೋಪಾಲನಾಥರ ಮುದ್ರಣಗಳಲ್ಲಿ ಹೆಚ್ಚಿನವು ಕಛೇರಿಯ ಸಂಗೀತ: ಕೀರ್ತನೆ, ಆಲಾಪನೆ, ತನಿ ಆವರ್ತನ. ಕುಣಿತಕ್ಕೆ ನುಡಿಸುವುದು ಬೇರೆಯೇ ವಿದ್ಯೆ. ನೇಮದಲ್ಲಿ ವಾದಕನ ಕಣ್ಣು ದೈವದ ಪಾದದ ಮೇಲೆ. ನಡೆ ನಿಧಾನವಾದರೆ ಸ್ವರ ಹಿಗ್ಗಬೇಕು, ಆವೇಶ ಏರಿದರೆ ಒಂದೇ ತುಣುಕನ್ನು ಮತ್ತೆ ಮತ್ತೆ ಮೇಲೆತ್ತಬೇಕು, ದೈವ ತನ್ನ ಕತೆಯ ಪಾರಿ ಹೇಳುವ ಹೊತ್ತಿಗೆ ತಟ್ಟನೆ ನಿಲ್ಲಿಸಬೇಕು. ಇದನ್ನು ರಾತ್ರಿಯಿಡೀ ನಿಭಾಯಿಸುವವರು ನಮ್ಮ ಸೇರಿಗಾರರು, ಜೋಗಿಗಳು, ಊರೂರಿನ ವಾದ್ಯದವರು. ಅವರ ವಾದನ ಇಂದು ಸಾವಿರಾರು ಮೊಬೈಲ್ ವಿಡಿಯೊಗಳಲ್ಲಿದೆ. ದೈವದ ಹೆಸರು, ಮನೆತನದ ಹೆಸರು, ಊರಿನ ಹೆಸರು ಕೆಳಗೆ ಬರೆದಿರುತ್ತದೆ. ಊದಿದವರ ಹೆಸರು ಅಪರೂಪ, ಡೋಲಿನವರದ್ದು ಇನ್ನೂ ಅಪರೂಪ. ಶಬ್ದವೋ, ಗರ್ನಾಲು ಪಟಾಕಿಯ ಸದ್ದಿಗೆ ಒಡೆದು ಹೋಗಿರುತ್ತದೆ.

ಇದನ್ನು ಸರಿಯಾಗಿ ದಾಖಲಿಸಬಲ್ಲವರು ಹತ್ತಿರದಲ್ಲೇ ಇದ್ದಾರೆ. ಮಂಗಳೂರು ಆಕಾಶವಾಣಿ 1976ರಿಂದ ಇರುವುದು ಇದೇ ಕದ್ರಿ ಗುಡ್ಡದಲ್ಲಿ. ಯಕ್ಷಗಾನವನ್ನು ಮನೆಮನೆಯ ರೇಡಿಯೊಗೆ ತಲುಪಿಸಿದ ಕೇಂದ್ರ ಅದು. ಗುಡ್ಡದ ತಪ್ಪಲಲ್ಲೇ ಮಂಜುನಾಥ ದೇವಸ್ಥಾನ, ವರ್ಷವರ್ಷವೂ ಜಾತ್ರೆ. ಆಕಾಶವಾಣಿಯೋ ವಿಶ್ವವಿದ್ಯಾಲಯವೋ ಒಂದು ಜಾತ್ರೆಯ ಬಲಿಯನ್ನು, ಒಂದು ನೇಮವನ್ನು ಆರಂಭದಿಂದ ಕೊನೆಯವರೆಗೆ ಒಳ್ಳೆಯ ಮೈಕುಗಳಿಟ್ಟು ದಾಖಲಿಸಬೇಕು. ಅನುಮತಿ ಕೇಳಿ, ಸಂಭಾವನೆ ಕೊಟ್ಟು, ಸ್ಯಾಕ್ಸೊಫೋನಿಗೊಂದು, ಡೋಲಿಗೊಂದು, ಗಗ್ಗರಕ್ಕೊಂದು ಮೈಕು ಇಟ್ಟು ಮಾಡುವ ಕೆಲಸ ಇದು. ಯಾವ ಸುತ್ತಿಗೆ ಯಾವ ಮಟ್ಟು, ಅದನ್ನು ಯಾರು ಯಾರಿಂದ ಕಲಿತರು ಎಂಬುದನ್ನೂ ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ನಾಗಸ್ವರದ ಕಾಲದ ಮಟ್ಟುಗಳನ್ನು ಸ್ಯಾಕ್ಸೊಫೋನಿಗೆ ಇಳಿಸಿದ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ.